ಎರಡು ಸಲ ಕೂಗಿದ ಗಾಡಿ

ನಮ್ಮ ಮನೆಯವರಿಗೆ,

ರೇಣವ್ವ ಮಾಡುವ ನಮಸ್ಕಾರಗಳು. ಒಂದೇ ಮನೆಯಲ್ಲಿ, ಕೆಳಗಿನ ಅಡುಗೆಮನೆಯಿಂದ ಮೇಲಿನ ಕೋಣೆಗೆ ಪತ್ರ ಬರೆಯುತ್ತಿದ್ದಾಳೆ ಎಂದು ನಗಬೇಡಿ. ಆಪರೇಶನ್ ಆದಾಗಿನಿಂದ ನೀವು ಪಾಟಿಯ ಮೇಲೆ ಬರೆದು ಜಗಳ ಮಾಡುತ್ತೀರಿ, ನಾನು ಬಾಯಿಂದ ಉತ್ತರ ಕೊಡುತ್ತೇನೆ. ನಿಮ್ಮದು ಒಂದು ಸಾಲಾಗುವಷ್ಟರಲ್ಲಿ ನನ್ನದು ಒಂದು ಪುರಾಣವಾಗಿರುತ್ತದೆ. ಅದು ನ್ಯಾಯದ ಜಗಳವಲ್ಲ. ಆದ್ದರಿಂದ ಇಂದು ನಾನೂ ಬರೆದೇ ಹೇಳುತ್ತೇನೆ. ಚಹಾದ ಬಸಿಯ ಕೆಳಗೆ ಇಟ್ಟು ಬಂದಿದ್ದೇನೆ. ಓದಿ ಮುಗಿಯುವವರೆಗೆ ನೀವು ಪಾಟಿ ಮುಟ್ಟುವ ಹಾಗಿಲ್ಲ.

ಮೇಲೆ ನಿಮ್ಮ ಹೆಸರು ಬರೆದಿಲ್ಲ. ಯಾಕೆಂದು ನಿಮಗೆ ಗೊತ್ತು. ನಮ್ಮವ್ವ ಅಪ್ಪನ ಹೆಸರು ಹೇಳಲಿಲ್ಲ, ನಿಮ್ಮವ್ವ ಮಾವನವರ ಹೆಸರು ಹೇಳಲಿಲ್ಲ. ಸಾಲಿಯಲ್ಲಿ ಮಕ್ಕಳಿಗೆ ಊರಿನವರ ಹೆಸರನ್ನೆಲ್ಲ ಬರೆಯಲು ಕಲಿಸಿದ ನಾನೂ ನಿಮ್ಮ ಹೆಸರನ್ನು ಒಡಪಿನ ಪ್ರಾಸದೊಳಗೆ ಸೇರಿಸಿ ಹೇಳಿದ್ದೇನೆಯೇ ಹೊರತು ಬರೀ ಹೆಸರು ಹಿಡಿದು ಕರೆದವಳಲ್ಲ. "ರೀ" ಎನ್ನುವುದರಲ್ಲೇ ನಮ್ಮ ಸಂಸಾರ ನಡೆದುಹೋಯಿತು.

ಈಗ ಟ್ಯಾಬಿನ ವಿಷಯ. ನೀವು ನಿವೃತ್ತರಾದ ದಿನ ಗೌರೀಶ ಅದನ್ನು ತಂದುಕೊಟ್ಟಾಗ, "ನನಗ್ಯಾಕಪಾ ಈ ಫರಸಿಕಲ್ಲು?" ಎಂದು ಮಗನನ್ನೇ ಕಾಡಿದವರು ನೀವು. ಆಮೇಲೆ ಅದರಲ್ಲಿ ಕುಸ್ತಿ ನೋಡುವುದಕ್ಕೆ ಶುರುಮಾಡಿ ಊಟದ ಹೊತ್ತು ಮರೆತವರೂ ನೀವೇ. ಅದೆಲ್ಲ ಚೆನ್ನಾಗಿತ್ತು. ಗಂಟಲಿನ ಗಂಟು ಕೆಟ್ಟದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನದಿಂದ ಆ ಟ್ಯಾಬು ಬೇರೆಯೇ ವಸ್ತುವಾಯಿತು. ಹುಬ್ಬಳ್ಳಿ, ಪಣಜಿ, ಹಳಿಯಾಳ, ಲೋಂಡಾ ಎಂದು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಮರಾಠಿ ಬೆರೆಸಿ ಕೂಗಿ ನೌಕರಿ ಮುಗಿಸಿದ ಕಂಟ್ರೋಲರ್ ಸಾಹೇಬರು ನೀವು. ಮೈಕು ಕೆಟ್ಟ ದಿನವೂ ಜನರಿಗೆ ಗೊತ್ತಾಗದಂಥ ಧ್ವನಿ ನಿಮ್ಮದು. ಅಂಥವರು ಡಾಕ್ಟರ ಮುಂದೆ ಚಕಾರ ಎತ್ತದೆ ಮನೆಗೆ ಬಂದು, ಟ್ಯಾಬ್ ಹಿಡಿದುಕೊಂಡು ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಆಪರೇಶನ್ನಿನವರೆಗೂ ಅದೇ ನಡೆಯಿತು. ನಾನು ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತರೆ ಒಳಗೆ ನೀವು ಮಾತಾಡುವುದು ಗುನುಗುನು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅದರಲ್ಲಿ ಏನು ರೆಕಾರ್ಡ್ ಮಾಡುತ್ತಿದ್ದೀರಿ ಎಂದು ಕೇಳಿದೆ.

"ಈಗ ಕೇಳಬ್ಯಾಡ. ಬಾಯಿ ಇರೂತನಕ ಬಾಯಿಲೇ ಹೇಳ್ತೇನಿ. ಆಪರೇಶನ್ ಆದಮ್ಯಾಗ ಇದನ್ನ ತಗದು ಕೇಳಾಕಂತಿ," ಎಂದಿರಿ. ಎಲ್ಲಿಯಾದರೂ ಪಾಸ್‌ವರ್ಡ್ ಬರೆದಿಡಿ ಎಂದೆ. "ಬರದ ಇಟ್ರ ಅದು ಕೀಲಿ ಹೆಂಗ ಆಗತೈತಿ? ತಲಿಯೊಳಗ ಐತಿ," ಎಂದು ಹಣೆ ಮುಟ್ಟಿ ತೋರಿಸಿದಿರಿ. ಊರ ಗಾಡಿಗಳ ವೇಳೆಯನ್ನೆಲ್ಲ ತುಂಬಿಕೊಂಡಿದ್ದ ತಲೆ ಅದು. ನಾನು ನಂಬಿದೆ.

ಆಪರೇಶನ್ನಿನ ಅಮಲು, ಆಮೇಲಿನ ಜ್ವರ ಎಲ್ಲ ಸೇರಿ ಆ ಕೀಲಿಯನ್ನು ಎಲ್ಲಿ ಬೀಳಿಸಿದವೋ ಏನೋ. ಮನೆಗೆ ಬಂದ ಮರುದಿನ ನೀವು ದಿಂಬಿಗೆ ಒರಗಿ ಟ್ಯಾಬ್ ತೆಗೆದುಕೊಂಡಾಗ ನಾನು ಹೊಸ ಸೀರೆ ಉಟ್ಟು ಪಕ್ಕದಲ್ಲಿ ಕುಳಿತಿದ್ದೆ. ನಗಬೇಡಿ, ಖರೇನೇ ಉಟ್ಟಿದ್ದೆ. ನಿಮ್ಮ ಬೆರಳು ಒಮ್ಮೆ ಒತ್ತಿತು, ಇನ್ನೊಮ್ಮೆ ಒತ್ತಿತು, ಆಮೇಲೆ ನಿಮ್ಮ ಮುಖ ನೋಡಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಆಮೇಲೆ ಮನೆಮಂದಿಯೆಲ್ಲ ಊಹೆಗೆ ಬಿದ್ದೆವು. ನಿಖಿತಾ ನಿಮ್ಮ ಹುಟ್ಟಿದ ದಿನ ಹಾಕಿದಳು. ಸಾಲಿಯ ಹೆಡ್‌ಮಾಸ್ತರು ಬರೆದ ಜೂನ್ ಒಂದು ಅದು, ಅರ್ಧ ತಾಲೂಕು ಹುಟ್ಟಿದ ದಿನ. ತೆರೆಯಲಿಲ್ಲ. ಸೊಸೆಯಲ್ಲವೇ, ಪಾಪ, ನಿಜವಾಗಿ ಹುಟ್ಟಿದ ದಿನ ಯಾವುದು ಎಂದು ಕೇಳಿದಳು. ಅದು ನಿಮ್ಮವ್ವನಿಗೂ ಗೊತ್ತಿರಲಿಲ್ಲ. ಗೌರೀಶ ನಿಮ್ಮ ಹಳೆಯ ಸ್ಕೂಟರಿನ ನಂಬರು ಹಾಕಿದ. ನೀವು ನಿದ್ದೆ ಹೋದಾಗ ನಾನೂ ಒಂದು ಸಲ ಹಾಕಿದೆ, ಬೇರೇನಲ್ಲ, ನನ್ನದೇ ಹೆಸರು. ಅದೂ ಅಲ್ಲ ಎಂದು ಟ್ಯಾಬು ಹೇಳಿತು. ಎಲ್ಲರೂ ಹೆಂಡತಿಯ ಹೆಸರನ್ನೇ ಇಟ್ಟುಕೊಳ್ಳುತ್ತಾರಂತೆ, ನಮ್ಮವರಿಗೆ ಅಷ್ಟೂ ಬೇಡವಾಯಿತೇ ಎಂದು ಆ ದಿನ ನಿಮ್ಮ ಸಾರಿಗೆ ಉಪ್ಪು ಕಡಿಮೆ ಹಾಕಿದ್ದೆ.

ಕೊನೆಗೆ ಟ್ಯಾಬು ಮುನಿಸಿಕೊಂಡು ತಾಸುಗಟ್ಟಲೆ ಮುಚ್ಚಿಕೊಳ್ಳತೊಡಗಿತು. ಇಲ್ಲೇ ಬೆಳಗಾವಿಯ ಖಡೇಬಜಾರದಲ್ಲಿ ಮೊಬೈಲ್ ರಿಪೇರಿ ಮಾಡುವ ಪರಾಗನ ಅಂಗಡಿಗೆ ಹೋದೆ. ಬೀಗದ ಪಾಸ್‌ವರ್ಡ್ ಮರೆತರೆ ಅಕೌಂಟಿನದಾದರೂ ಬೇಕು, ಅದೂ ಮರೆತಿದ್ದರೆ ಫೋನಿಗೆ ಗುಪ್ತ ನಂಬರು ಬರುತ್ತದೆ ಎಂದ. ಆ ಫೋನು ನೀವು ಎಂದೋ ಬಂದ್ ಮಾಡಿದ ಹಳೆಯ ಸಿಮ್ಮಿನದು. "ಅಕೌಂಟ ಯಾರ ಹೆಸರಿನ್ಯಾಗ ಐತ್ರಿ ಕಾಕೂ?" ಎಂದು ಕೇಳಿದ. ಅಂಗಡಿ ತುಂಬ ಜನ. ಅವನು ಮತ್ತೆ ಕೇಳಿದ. ವಿಧಿಯಿಲ್ಲದೆ ಅಲ್ಲೇ ಒಡಪು ಕಟ್ಟಿದೆ: "ಖಡೇಬಜಾರದಾಗ ಹಚ್ಯಾರ ಝಗಝಗ ದೀಪ, ಟ್ಯಾಬ್ ತಗೀಲಿಲ್ಲಂದ್ರ ಬರತೈತಿ ಇವರಿಗಿ ಕೋಪ," ಎಂದು ಹೇಳಿ ತುದಿಗೆ ನಿಮ್ಮ ಹೆಸರು ಸೇರಿಸಿದೆ. ಅಂಗಡಿಯೆಲ್ಲ ನಕ್ಕಿತು, ಒಬ್ಬಳು ಚಪ್ಪಾಳೆಯನ್ನೂ ತಟ್ಟಿದಳು. ಪರಾಗ ಮಾತ್ರ ನಗದೆ, "ಬಿಲ್ಲು, ಡಬ್ಬಿ ತಂದ್ರ ಕಂಪನಿಯವರ ಕಡಿಂದ ಬಿಡಿಸಿ ಕೊಡ್ತೇನ್ರಿ. ಖರೇ ಒಳಗಿಂದೆಲ್ಲಾ ಅಳಿಸಿ ಹೋಗತೈತಿ. ಕೋರಾ ಪಾಟಿ ಆಗತೈತಿ," ಎಂದ.

ಅಳಿಸುವುದು ಬೇಡ ಎಂದು ಎತ್ತಿಕೊಂಡು ಬಂದೆ. ಅಂದಿನಿಂದ ನೀವು ಅದನ್ನು ಎದೆಯ ಮೇಲಿಟ್ಟುಕೊಂಡು ಕೂತವರು ಏಳಲೇ ಇಲ್ಲ. ಅದು ಎಷ್ಟು ಹೊತ್ತಿಗೆ ಇನ್ನೊಂದು ಅವಕಾಶ ಕೊಡುತ್ತದೋ ಎಂದು ಕಾಯುವುದು, ಏನೋ ಒಂದು ಒತ್ತುವುದು, ಮತ್ತೆ ಕಾಯುವುದು. ಅದಕ್ಕೂ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ಮಾತು ಕಲಿಸಲು ಬರುವ ಶರ್ವರಿಯನ್ನು ನೀವು ಹಿಂದಕ್ಕೆ ಕಳಿಸುತ್ತಿದ್ದೀರಿ. ಆ ಹುಡುಗಿ ಗಂಟಲಿಗೆ ಒತ್ತಿ ಹಿಡಿಯುವ ಸಣ್ಣ ಯಂತ್ರ ತಂದು, ಬಾಯಿ ಆಡಿಸಿದರೆ ಮಾತು ಹೇಗೆ ಬರುತ್ತದೆ ಎಂದು ತೋರಿಸಿದಾಗ ನೀವು ಒಂದೇ ಸಲ ಹಿಡಿದು ಇಟ್ಟುಬಿಟ್ಟಿರಿ. ಪಾಟಿಯ ಮೇಲೆ ಬರೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ: "ಡಬ್ಬಿಯೊಳಗ ನೊಣ ಹೊಕ್ಕಂಗ ಐತಿ. ಇದು ನಂದಲ್ಲ. ನನ್ನ ದನಿ ಟ್ಯಾಬಿನ್ಯಾಗ ಐತಿ."

ಮೊನ್ನೆ ಶರ್ವರಿ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಕಾಕೂ, ಸುಮ್ಮ ಕುಂತ್ರ ಸುಮ್ಮ ಇರೂದ ರೂಢಿ ಆಗಿಬಿಡತೈತಿ. ಇನ್ನ ಮೂರ ದಿನಕ್ಕ ಮತ್ತೊಮ್ಮಿ ಬರ್ತೇನಿ. ಆಗೂ ಕುಂದರಲಿಲ್ಲಂದ್ರ ನಾ ಬ್ಯಾರೆಯವರ ಕಡೆ ಹೋಗಬೇಕಾಗತೈತಿ," ಎಂದಳು. ಅವಳ ಆಟೋ ಹಿಂಡಲಗಾದ ತಿರುವು ದಾಟುವವರೆಗೂ ಗೇಟು ಹಿಡಿದು ನಿಂತಿದ್ದೆ. ನನಗೆ ಹೆದರಿಕೆಯಾಯಿತು. ನಿಮ್ಮ ಕಾಯಿಲೆಗೂ ಇಷ್ಟು ಹೆದರಿರಲಿಲ್ಲ.

ನಿನ್ನೆ ನಿಮಗೆ ಹೇಳದೆ ಖಾನಾಪುರಕ್ಕೆ ಹೋಗಿದ್ದೆ. ಯಾರದಾದರೂ ಮೊಬೈಲಿನಲ್ಲಿ ನಿಮ್ಮ ಧ್ವನಿ ಉಳಿದಿರಬಹುದು, ಒಂದು ತುಣುಕು ಸಿಕ್ಕರೂ ನಿಮ್ಮ ಹಠ ಇಳಿದೀತು ಎಂಬ ಆಸೆ. ಆಫೀಸಿನಲ್ಲಿ ಎಲ್ಲ ಹೊಸ ಹುಡುಗರು, ಮರ್ಯಾದೆಯಿಂದ ಮಾತಾಡಿಸಿದರು, ಯಾರ ಹತ್ತಿರವೂ ಇರಲಿಲ್ಲ. ಹೊರಗೆ ಗೇಟಿನ ಬಾಜೂಕ ಹೂ ಮಾರುವ ಕಾಶೀಬಾಯಿ ಇನ್ನೂ ಅಲ್ಲೇ ಕೂಡುತ್ತಾಳೆ. ನನ್ನನ್ನು ನೋಡಿದ್ದೇ, "ಅಗ ಬಾಯಿ, ಅಕ್ಕೋರ! ಬರ್ರಿ, ಕುಂದರ್ರಿ," ಎಂದು ತನ್ನ ಗೋಣಿಯಲ್ಲೇ ಜಾಗ ಕೊಟ್ಟಳು. ನಿಮ್ಮ ವಿಷಯ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಏನ ಆವಾಜ ಇತ್ತರೀ ಸಾಹೇಬರ್ದು! ಪಣಜಿ ಗಾಡಿ ಒಂದ ಸಲ, ಬೆಳಗಾವಿ ಗಾಡಿ ಒಂದ ಸಲ. ಮುಂಜಾನಿ ನಂದಗಡ ಗಾಡಿ ಮಾತ್ರ ದೋನ ವೇಳಾ, ಎರಡ ಸಲ. ಎರಡನೇದ್ದು ಎಷ್ಟ ಉದ್ದ ಎಳೀತಿದ್ರು! ಡ್ರೈವರ ಹಾರ್ನ್ ಹೊಡದು ಬೈಯಾಂವ. ನೀವು ಓಡಿ ಬಂದು ಹತ್ತಿದ ಮ್ಯಾಲೇ ಸೀಟಿ. ನಿಮಗ ಗೊತ್ತ ಇರಲಿಲ್ಲೇನ್ರಿ?"

ನನಗೆ ಗೊತ್ತಿರಲಿಲ್ಲ. ಖಾನಾಪುರದ ಸ್ಟ್ಯಾಂಡಿನ ಹಿಂದೆಯೇ ನಮ್ಮ ಮನೆ ಇದ್ದಾಗ, ನಂದಗಡದ ಸಾಲಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ, ಮನೆಗೆಲಸ ಮುಗಿಸಿ ಬಾಗಿಲಿಗೆ ಕೀಲಿ ಹಾಕುವಾಗ ಮೊದಲನೆಯ ಕೂಗು ಕೇಳುತ್ತಿತ್ತು, ಮೂಲೆ ತಿರುಗುವಾಗ ಎರಡನೆಯದು. ಎಲ್ಲ ಗಾಡಿಗಳನ್ನೂ ಎರಡು ಸಲವೇ ಕೂಗುತ್ತಾರೆ ಎಂದುಕೊಂಡೇ ನಾನು ನಿವೃತ್ತಳಾದೆ. ಮನೆಯಲ್ಲಿ ನನ್ನನ್ನು "ಕೇಳತೈತೇನ" ಎಂಬುದರ ಆಚೆಗೆ ಕರೆಯದ ಮನುಷ್ಯ, ಇಡೀ ಸ್ಟ್ಯಾಂಡಿನ ಮುಂದೆ, ಮೈಕಿನಲ್ಲಿ, ದಿನಾ ಮುಂಜಾನೆ ನನ್ನನ್ನೇ ಕರೆಯುತ್ತಿದ್ದರಂತೆ. ಹೂ ಮಾರುವವಳಿಗೆ ಗೊತ್ತಿತ್ತು, ಡ್ರೈವರನಿಗೆ ಗೊತ್ತಿತ್ತು. ಒಂದು ದಿನವಾದರೂ ಹೇಳಬಾರದಿತ್ತೇ? ಹೇಳಿದ್ದರೆ ನಾನು ಇನ್ನೂ ತಡಮಾಡಿ ಬರುತ್ತಿದ್ದೆ ಎಂದು ಹೆದರಿದಿರೋ ಏನೋ.

ಕಾಶೀಬಾಯಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಮ್ಮ ಹಾಗೆಯೇ "ನಂದಗಡ... ನಂದಗಾ...ಡ" ಎಂದು ಕೂಗಿ ತೋರಿಸಿದಳು. ಕಾಲೇಜಿನ ಹುಡುಗಿಯೊಬ್ಬಳು ಗಾಡಿ ಬಂತೆಂದು ಚೀಲ ಹಿಡಿದು ಓಡಿಬಂದಳು. ನಾವಿಬ್ಬರೂ ನಕ್ಕೆವು, ಆಮೇಲೆ ನಾನು ಅಲ್ಲೇ ಹೂವಿನ ಬುಟ್ಟಿಯ ಪಕ್ಕದಲ್ಲಿ ಕೂತು ಅತ್ತೆ. ಅವಳು ಕೊಟ್ಟ ಅಬ್ಬಲಿಗೆಯ ದಂಡೆ ಈಗ ನಿಮ್ಮ ಲಿಂಗಪೂಜೆಯ ತಟ್ಟೆಯಲ್ಲಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಒಂದು ವಿಚಾರ ಮಾಡಿದೆ. ಟ್ಯಾಬಿನೊಳಗೆ ನೀವು ಏನು ಹೇಳಿಟ್ಟಿದ್ದೀರೋ ಗೊತ್ತಿಲ್ಲ, ಕೇಳಬೇಕೆಂಬ ಆಸೆ ಸತ್ತಿಲ್ಲ. ಅದು ಹೋದರೆ ನನ್ನ ಹೊಟ್ಟೆಯೂ ಉರಿಯುತ್ತದೆ. ಆದರೆ ಆ ಧ್ವನಿ ನನ್ನ ಮಾತಿಗೆ ಎದುರು ಮಾತಾಡುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ. ನನಗೆ ಎದುರು ಮಾತಾಡುವ ಗಂಡ ಬೇಕು. ಡಬ್ಬಿಯೊಳಗೆ ಹೊಕ್ಕ ನೊಣದ ದನಿಯಾದರೂ ಸರಿ, ಆ ನೊಣ ನನ್ನದು.

ಚಹಾದ ಬಸಿಯ ಪಕ್ಕದಲ್ಲಿ ಟ್ಯಾಬಿನ ಖಾಲಿ ಡಬ್ಬಿ ಇದೆ, ಒಳಗೆ ಬಿಲ್ಲೂ ಇದೆ. ಟ್ಯಾಬನ್ನು ನಾನು ಕಸಿದುಕೊಳ್ಳುವುದಿಲ್ಲ. ನಿಮ್ಮ ಕೈಯಿಂದ ನೀವೇ ಡಬ್ಬಿಯೊಳಗೆ ಇಟ್ಟರೆ ಮಾತ್ರ ಪರಾಗನ ಹತ್ತಿರ ಒಯ್ಯುತ್ತೇನೆ. ಅವನು ಕೋರಾ ಪಾಟಿ ಮಾಡಿಕೊಡಲಿ. ಹೊಸ ಪಾಸ್‌ವರ್ಡನ್ನು ಮಾತ್ರ ನಾನು ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವಳೇ.

ಬರೀ ನಿಮ್ಮನ್ನೇ ಕಲಿಯಿರಿ ಎಂದರೆ ಅದೂ ನ್ಯಾಯವಲ್ಲ. ನನಗೂ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ, ನಾನೂ ಕಲಿಯುತ್ತಿದ್ದೇನೆ. ಮುಂಜಾನೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ರೂಢಿ ಮಾಡಿದೆ. ಮೊದಲು ನಾಲಿಗೆ ಹೊರಳಲಿಲ್ಲ, ನಾಚಿಕೆಯಿಂದ ಮುಖಕ್ಕೆ ನೀರು ಸುರಿದುಕೊಂಡೆ. "ಅತ್ತಿ, ಒಳಗ ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ನಿಖಿತಾ ಬಾಗಿಲು ಬಡಿದಳು. ಈ ಮನೆಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವ ಹಿರಿಯರು ಯಾರೂ ಉಳಿದಿಲ್ಲ. ಇನ್ನು ಮೇಲೆ ನಾನು ಕರೆಯುತ್ತೇನೆ. ನಮ್ಮವ್ವ ಮೇಲಿಂದ ಬೈದರೆ ಬೈಯಲಿ.

ನಾಳೆ ಮುಂಜಾನೆ ಶರ್ವರಿ ಬಂದು ಪಡಸಾಲೆಯಲ್ಲಿ ಕುಳಿತ ಮೇಲೆ ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತೇನೆ. ಮೈಕಿಲ್ಲ, ಓಣಿಗೆ ಕೇಳಿದರೆ ಕೇಳಲಿ. ನೀವು ಆ ಯಂತ್ರವನ್ನು ಗಂಟಲಿಗೆ ಹಿಡಿದು "ಓ" ಎಂದರೆ ಸಾಕು. ದೊಡ್ಡ ಮಾತು ಬೇಡ, ಕರೆದರೆ ಓ ಎನ್ನುವುದಷ್ಟೇ. ಮೊದಲನೆಯ ಕೂಗಿಗೆ ನೀವು ಬರಲಿಕ್ಕಿಲ್ಲ, ನಿಮ್ಮ ಹಠ ನನಗೆ ಗೊತ್ತು. ಚಿಂತೆಯಿಲ್ಲ. ಎರಡನೆಯದನ್ನು ಉದ್ದ ಎಳೆಯುತ್ತೇನೆ. ನೀವು ಬರುವವರೆಗೆ ಗಾಡಿ ಬಿಡುವುದಿಲ್ಲ.

ಬಸವಣ್ಣ ನಿಮ್ಮನ್ನು ನೂರು ವರ್ಷ ನನ್ನ ಜೊತೆ ಜಗಳಕ್ಕೆ ಇಟ್ಟಿರಲಿ.

ಚನ್ನಬಸಯ್ಯ.
ಚನ್ನಬಸಯ್ಯಾ...

ಇಂತು ನಿಮ್ಮ,
ನಂದಗಡದ ಗಾಡಿಯ ರೇಣವ್ವ