ಹೇಮಲೆ ತಡವಾಗಿ ಆಡಿದ ಮಾತು

ಗದಗ, ೨೨೩೧ನೆಯ ಇಸವಿ, ಕಾರ್ತಿಕ ಮಾಸ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟೆನಿಸಿದರೆ ಮನ್ನಿಸಿ. ನಾನು ಇರಾವತಿ, ವೃತ್ತಿಯಿಂದ ತೊದಲುಗಾರ್ತಿ. ಮನೆಮನೆಗೆ ಹೋಗಿ, ಕೂಸುಗಳು ಯಾವ ತಿಂಗಳಲ್ಲಿ ಯಾವ ಸದ್ದು ಹೊರಡಿಸುತ್ತವೆ ಎಂದು ಬರೆದಿಡುವವಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.

ನಮ್ಮ ಮನೆಗಳಲ್ಲಿ ಅರಿಕೋಣೆಗಳಿವೆ. ಮಗುವಿನ ಹಸಿವು, ನಿದ್ದೆ, ಚಳಿ ಎಲ್ಲವನ್ನೂ ಅದು ಅಳುವ ಮೊದಲೇ ಅರಿತು ನೀಗಿಸುವ ಕೋಣೆ. ಊರವರ ಕೂಸುಗಳ ತೊದಲು ಕೇಳಲು ದಿನವಿಡೀ ಅಲೆಯುತ್ತಿದ್ದ ನಾನು, ನನ್ನ ಮಗಳು ಹೇಮಲೆಯನ್ನು ಹಗಲಿರುಳು ಅದರಲ್ಲೇ ಬೆಳೆಸಿದೆ; ಉಳಿದ ತಾಯಂದಿರು ರಾತ್ರಿಯಷ್ಟೇ ಅದನ್ನು ಬಳಸುತ್ತಿದ್ದರು. ಏಳು ತಿಂಗಳಿಗೆ ‘ಬಬಬ, ದದದ’ ಬರಬೇಕಿತ್ತು, ಬರಲಿಲ್ಲ. ಶಾಂತ ಕೂಸೆಂದು ಹೆಮ್ಮೆಪಟ್ಟೆ. ವರ್ಷದ ಸುಮಾರಿಗೆ ಮೊದಲ ಪದ, ಎರಡರ ಹೊತ್ತಿಗೆ ಜೋಡಿಪದ ಎಂದು ಬೇರೆ ತಾಯಂದಿರಿಗೆ ತಿಳಿಹೇಳುತ್ತಿದ್ದವಳು ನಾನೇ. ನನ್ನ ಮಗಳು ಮೂರು ತುಂಬಿದರೂ ಒಂದು ಪದ ಆಡಿರಲಿಲ್ಲ.

ಪಕ್ಕದ ಮನೆಯ ಕಲ್ಲವ್ವ ಒಂದು ಮಧ್ಯಾಹ್ನ ಬಂದು ಅವಳನ್ನು ಎತ್ತಿಕೊಂಡಳು. “ಕೇಳದನ ಎಲ್ಲಾ ಸಿಕ್ಕರ, ಕೂಸು ಬಾಯಿ ಯಾಕ ತೆರೀತೈತಿ?” ಎಂದಳು. ಮರುದಿನದಿಂದ ಹೇಮಲೆಯನ್ನು ಹಗಲೆಲ್ಲ ಅವಳ ಮನೆಯಲ್ಲೇ ಬಿಡತೊಡಗಿದೆ.

ಸೊಪ್ಪು ಸೋಸುತ್ತ, ರೊಟ್ಟಿ ಬಡಿಯುತ್ತ ಕಲ್ಲವ್ವ ಎರಡು ವರ್ಷ ಅವಳೊಡನೆ ಮಾತಾಡಿದಳು. ಹೇಮಲೆ ಮೊದಲು ‘ಅವ್ವಾ’ ಎಂದದ್ದು ಅವಳಿಗೆ. ಐದನೆಯ ವರ್ಷದಲ್ಲಿ ಒಂದು ದಿನ, “ನಾ ರೊಟ್ಟಿ ತಿನ್ನಿದೆ” ಎಂದಳು. ‘ತಿಂದೆ’ ಎನ್ನಬೇಕಿತ್ತು. ಆದರೆ ಆ ತಪ್ಪನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ‘ನೋಡಿದೆ, ಮಾಡಿದೆ’ಗಳನ್ನು ಕೇಳಿ ತನ್ನೊಳಗೇ ನಿಯಮ ಕಟ್ಟಿಕೊಂಡಿದ್ದಳು. ಕಲ್ಲವ್ವನ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ನಾನು ಅತ್ತುಬಿಟ್ಟೆ.

ಆದರೂ ಕಳೆದ ಕಾಲ ಪೂರ್ತಿ ಮರಳಲಿಲ್ಲ. ಉದ್ದದ ವಾಕ್ಯ, ಇಪ್ಪತ್ತೈದು ತುಂಬಿದ ಇಂದಿಗೂ, ಅವಳ ಬಾಯಲ್ಲಿ ನಡುವೆಯೇ ಕಡಿದುಹೋಗುತ್ತದೆ. ಹೋದ ತಿಂಗಳು ಅವಳಿಗೆ ಹೆರಿಗೆಯಾಯಿತು. ಅರಿಕೋಣೆಗೆ ತಾನೇ ಬೀಗ ಹಾಕಿದಳು. ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, “ನನ್ನ ಮಾತು ಸಾಲಂಗಿಲ್ಲ. ನೀ ಮಾತಾಡು” ಎಂದಳು.

ಕಲ್ಲವ್ವ ಈಗಿಲ್ಲ. ಸಾವಿರ ಕೂಸುಗಳ ಸದ್ದು ಬರೆದಿಟ್ಟ ನನಗೆ, ಒಂದು ಕೂಸಿನೆದುರು ಏನು ಹೇಳಬೇಕೆಂದು ತೋಚಲಿಲ್ಲ. ಅದು ನನ್ನ ಬಾಯಿಯನ್ನೇ ನೋಡುತ್ತಿತ್ತು.

ನಿಮ್ಮ ಗ್ರಂಥಗಳು, ಭಾಷಣಗಳು ನಮ್ಮನ್ನು ತಲುಪಿವೆ. ಎಣ್ಣೆ ಹಚ್ಚುವಾಗ, ತುತ್ತು ಉಣಿಸುವಾಗ ನೀವು ಕೂಸಿನೊಡನೆ ಆಡುವ ಹುಚ್ಚು ಮಾತುಗಳನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ದಯವಿಟ್ಟು ಬರೆದಿಡಿ. ಇಲ್ಲೊಂದು ಕೂಸು ಕಾಯುತ್ತಿದೆ.