ತಳದ ತೂಬು ಮುಚ್ಚಿದ ಬೆಳಗ್ಗೆ

ಕೋಡುಮಲೆ ಅಣೆಕಟ್ಟು
ಪುಷ್ಯ ಮಾಸ, ಇಸವಿ ೨೧೯೪

ನಮಗಿಂತ ಮುಂಚೆ ಬದುಕಿದವರಿಗೆ ದೇವೀರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನನ್ನ ಕೆಲಸಕ್ಕೆ ‘ತಂಪುಗಾವಲು’ ಎಂದು ಹೆಸರು. ಜಲಾಶಯದ ತಳದಲ್ಲಿ ಬಿಸಿಲು ತಾಗದೆ ತಣ್ಣಗೆ ನಿಂತ ನೀರನ್ನು ಕಾಯುವುದು, ತಳದ ತೂಬಿನ ಚಕ್ರ ತಿರುಗಿಸಿ ಅದನ್ನು ಅಳತೆಯಂತೆ ಹೊಳೆಗೆ ಬಿಡುವುದು. ಅಣೆಕಟ್ಟಿನ ಕೆಳಗೆ ಎರಡು ಮೈಲಿಯವರೆಗೆ ಮಾತ್ರ ಹೊಳೆಯಲ್ಲಿ ಆ ತಂಪು ಉಳಿಯುತ್ತಿತ್ತು. ಅಷ್ಟು ದೂರದಲ್ಲಿ, ತಣ್ಣೀರಿನಲ್ಲಿ ಮಾತ್ರ ಬದುಕುವ ಟ್ರೌಟ್ ಮೀನುಗಳಿದ್ದವು. ಈ ಬೆಟ್ಟಸಾಲಿನಲ್ಲಿ ಬೇರೆಲ್ಲೂ ಅವು ಉಳಿದಿರಲಿಲ್ಲ.

ನನ್ನ ಅಣ್ಣ ಪುಟ್ಟಮಾದು ಅವುಗಳನ್ನು ಗಾಳದಲ್ಲಿ ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದ. ಕೋಳಿಗರಿಯ ಎಳೆಯನ್ನು ಕೊಕ್ಕೆಗೆ ಸುತ್ತಿ ನೊಣದಂತೆ ಮಾಡುವುದನ್ನು ನನಗೂ ಕಲಿಸಿದ್ದ. ಅದನ್ನು ನಾವು ‘ಸುಳ್ಳುನೊಣ’ ಎನ್ನುತ್ತೇವೆ. ಚಳಿಗಾಲದಲ್ಲಿ ಅದು ಅಕ್ಕಿನುಚ್ಚಿಗಿಂತ ದೊಡ್ಡದಿರಬಾರದು, ಏಕೆಂದರೆ ಆಗ ನೀರಿನ ಮೇಲೆ ಹಾರುವ ನಿಜವಾದ ಹುಳುಗಳೂ ಅಷ್ಟೇ ಸಣ್ಣವು. ಮೀನು ತಳ ಹಿಡಿದು ಮಂದವಾಗಿರುತ್ತದೆ, ಆಹಾರಕ್ಕಾಗಿ ಗೇಣುದೂರವೂ ಹೋಗುವುದಿಲ್ಲ. ಅದರ ಬಾಯಿಯ ಮುಂದೆಯೇ ನೊಣ ತೇಲಿಹೋಗಬೇಕು. ವರ್ಷಕ್ಕೆ ನಾಲ್ಕೈದು ಬೆಳಗ್ಗೆ ಮಾತ್ರ ನಮ್ಮಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಆ ದಿನಗಳಲ್ಲಿ ಹೊಳೆಯಿಂದ ಹಬೆ ಏಳುತ್ತಿತ್ತು. ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೆರಳು ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಕಾಯಿಸಿಕೊಳ್ಳುತ್ತಿದ್ದ.

ಹೋದ ವರ್ಷ ಮಳೆ ಬರಲಿಲ್ಲ. ಹೋದ ಪುಷ್ಯದ ಹೊತ್ತಿಗೆ ಜಲಾಶಯದಲ್ಲಿ ತಳದ ನೀರಷ್ಟೇ ಉಳಿದಿತ್ತು. ಕೆಳಗಿನ ಮೂರು ಊರುಗಳಲ್ಲಿ ಕುಡಿಯುವ ನೀರು ಮುಗಿಯುತ್ತಾ ಬಂದಿತ್ತು. ತೂಬು ಮುಚ್ಚಿ ಇರುವ ನೀರನ್ನೆಲ್ಲ ಕೊಳವೆಗೆ ತಿರುಗಿಸಬೇಕೆಂದು ಊರಸಭೆ ತೀರ್ಮಾನಿಸಿತು. ಚಕ್ರ ತಿರುಗಿಸಬೇಕಾದವಳು ನಾನು. ಅಣ್ಣನಿಗೆ ಹೇಳಿದೆ. ಅವನು ಜಗಳವಾಡುತ್ತಾನೆಂದುಕೊಂಡಿದ್ದೆ. ಜಗಳವಾಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಅವನು “ಮುಚ್ಚವ್ವ. ಮಕ್ಳು ಮರಿ ಕುಡೀಬೇಕು. ನಾಳೆ ಬೆಳಗ್ಗೆ ಒಂದೊತ್ತು ಮಾತ್ರ ನಂಗೆ ಬುಡು” ಎಂದ.

ಮರುದಿನ ಇಬ್ಬರೂ ಹೊಳೆಗಿಳಿದೆವು. ಬಿಸಿಲು ಏರುವವರೆಗೆ ಒಂದೂ ಕಚ್ಚಲಿಲ್ಲ. ಆಮೇಲೆ ಅಣ್ಣನ ಗಾಳಕ್ಕೆ ಒಂದು ಹೆಣ್ಣುಮೀನು ಬಿತ್ತು. ಹೊಟ್ಟೆತುಂಬ ಮೊಟ್ಟೆಯಿತ್ತು. ಅವನು ಕೊಕ್ಕೆ ಬಿಡಿಸಿ, ಅದರ ಮುಖವನ್ನು ಹರಿವಿಗೆ ಎದುರಾಗಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಸುಧಾರಿಸಿಕೊಂಡು ಬಾಲ ಅಲ್ಲಾಡಿಸಿದರೂ ಅವನ ಕೈ ಸಡಿಲವಾಗಲಿಲ್ಲ. ನಾನು ಅವನ ಭುಜ ಮುಟ್ಟಿದೆ. ಆಗ ಬಿಟ್ಟ.

ನಾನು ಮೇಲೆ ಹೋಗಿ ಚಕ್ರ ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಹೊಳೆಯ ಸದ್ದು ನಿಂತಿತು. ಹುಟ್ಟಿದಾಗಿನಿಂದ ಕೇಳಿದ್ದ ಸದ್ದು ಅದು. ಕಲ್ಲುಗಳ ನಡುವೆ ಸಿಕ್ಕಿಕೊಂಡಿದ್ದ ಹನ್ನೊಂದು ಮೀನುಗಳನ್ನು ಬಿಂದಿಗೆಯಲ್ಲಿ ಹೊತ್ತು ಅಣೆಕಟ್ಟಿನ ಬುಡದ ಮಡುವಿಗೆ ಬಿಟ್ಟೆವು. ಅಣ್ಣ ತನ್ನ ಪಾಲಿನ ಕುಡಿಯುವ ನೀರನ್ನು ರಾತ್ರಿಯೆಲ್ಲ ಮಡಕೆಯಲ್ಲಿಟ್ಟು ತಣ್ಣಗಾಗಿಸಿ, ದಿನಾ ಬೆಳಗ್ಗೆ ಆ ಮಡುವಿಗೆ ಸುರಿಯುತ್ತಿದ್ದ. ನಾನು ಕಂಡೂ ತಡೆಯಲಿಲ್ಲ. ನನ್ನ ಪಾಲಿನಲ್ಲಿ ಅರ್ಧ ಅವನಿಗೆ ಕುಡಿಸುತ್ತಿದ್ದೆ. ಮಾಘ ಮುಗಿಯುತ್ತಲೇ ಮಡು ಬೆಚ್ಚಗಾಯಿತು. ಮೀನುಗಳು ಒಂದೊಂದಾಗಿ ಮೇಲೆ ತೇಲಿದವು. ಫಾಲ್ಗುಣದಲ್ಲಿ ಕೊನೆಯದೂ ಹೋಯಿತು. ಅದೇ ಹೆಣ್ಣೋ ಬೇರೆಯದೋ ನನಗೆ ಗುರುತು ಹತ್ತಲಿಲ್ಲ. ಅಣ್ಣನಿಗೆ ಗೊತ್ತಿತ್ತು, ಹೇಳಲಿಲ್ಲ.

ಆ ವಾರವೇ ಅವನು ಬೆಟ್ಟ ಇಳಿದು ಕೆಳಗಿನ ಊರುಗಳಿಗೆ ಹೋದ. ಆ ನೀರು ಕುಡಿದವರನ್ನು ಕಣ್ಣಾರೆ ನೋಡಬೇಕಿತ್ತಂತೆ. ನಾಲ್ಕನೆಯ ದಿನ ಬಂದು ಜಗಲಿಯಲ್ಲಿ ಕೂತ.

“ಒಬ್ಳು ಬಾಣಂತಿ ಆ ನೀರಲ್ಲಿ ಗಂಜಿ ಕಾಯಿಸ್ತಿದ್ಲು. ನಂಗೂ ಒಂದ್ ಲೋಟ ಕೊಟ್ಲು. ನೀನು ಮಾಡಿದ್ದು ಸರಿ ಕಣವ್ವ” ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಈ ವರ್ಷದ ಆಷಾಢದಲ್ಲಿ ಮಳೆ ಬಂತು, ತೂಬು ತೆರೆದೆ, ಹೊಳೆ ಹರಿಯಿತು. ಅವನು ಮಾತ್ರ ಆ ಕಡೆ ಹೋಗಿಲ್ಲ.

ನೀವು ನಮಗೆ ಮೀನು ಉಳಿಸಲಿಲ್ಲವೆಂದು ದೂರಲು ಇದನ್ನು ಬರೆಯುತ್ತಿಲ್ಲ. ನನ್ನದೊಂದೇ ಬೇಡಿಕೆ. ನಿಮ್ಮ ಜಲಾಶಯಗಳು ಇನ್ನೂ ತುಂಬುತ್ತಿರುವಾಗಲೇ, ಹೊಳೆಗೆ ಎಷ್ಟು, ಮನುಷ್ಯರಿಗೆ ಎಷ್ಟು ಎಂದು ಎಲ್ಲರೂ ಕೂತು ಗೊತ್ತುಮಾಡಿಕೊಳ್ಳಿ. ನೀರು ಮುಗಿಯುವವರೆಗೆ ಕಾದರೆ ಆ ಮಾತನ್ನು ಆಡಲು ಯಾರೂ ಮುಂದೆ ಬರುವುದಿಲ್ಲ. ಕೊನೆಗೆ ಯಾರೋ ಒಬ್ಬಳು ಚಕ್ರ ತಿರುಗಿಸಿ ಮನೆಗೆ ಬಂದು, ತನ್ನ ಅಣ್ಣನಿಗೆ ಊಟ ಬಡಿಸಬೇಕಾಗುತ್ತದೆ.

ಬರುತ್ತೇನೆ.

ದೇವೀರಮ್ಮ