ಸಾರಿಸಿದ ಬೆದ್ದಲು

೧೭ ಏಪ್ರಿಲ್ ೧೯೭೩, ಮಂಗಳವಾರ. ಮಳವಳ್ಳಿ

ನಾನು ಯಾಕಾದರೂ ಬಾಯಿ ಬಿಟ್ಟೆನೋ! ನಾಳೆ ಬುಧವಾರ ಬೆಂಗಳೂರಿನಿಂದ ನನ್ನ ಪ್ರೊಫೆಸರು ನೆಲ ನೋಡಲು ಬರುತ್ತಾರೆ ಎಂದು ಹೊಲದ ಒಡತಿ ಚಿಕ್ಕನಂಜಮ್ಮನಿಗೆ ನಿನ್ನೆ ಹೇಳಿದ್ದೇ ತಪ್ಪಾಯಿತು.

ಬಿಸಿಲು ಏರಿ ಮಳೆ ಕೈಕೊಟ್ಟರೆ ನೀರಾವರಿಯಿಲ್ಲದ ಬೆದ್ದಲು ನೆಲ ತನ್ನೊಳಗಿನ ಇಂಗಾಲವನ್ನು ಉಳಿಸಿಕೊಳ್ಳುತ್ತದೋ, ಗಾಳಿಗೆ ಬಿಡುತ್ತದೋ? ಇದನ್ನು ತಿಳಿಯಲು ಬೇಸಿಗೆಯೆಲ್ಲ ಡಬ್ಬಗಳನ್ನು ಹೊಲದಲ್ಲಿ ಬೋರಲು ಹಾಕಿ, ಒಳಗೆ ಬಟ್ಟಲಲ್ಲಿ ಸುಣ್ಣದ ತಿಳಿನೀರು ಇಡುತ್ತಿದ್ದೇನೆ. ನೆಲ ಉಸಿರು ಬಿಟ್ಟಷ್ಟೂ ನೀರು ಬೆಳ್ಳಗಾಗುತ್ತದೆ. ಇಷ್ಟು ದಿನ ಸರಿಯಾಗಿ ಮಬ್ಬೂ ಆಗಿರಲಿಲ್ಲ. ಇವತ್ತು ಕತ್ತಲಾಗುವಾಗ ಎತ್ತಿದರೆ ಮಜ್ಜಿಗೆ! ಹೊಲದಲ್ಲೇ ಕುಣಿದುಬಿಟ್ಟೆ. ಆಮೇಲೆ ಮೂಗಿಗೆ ವಾಸನೆ ಬಡಿಯಿತು.

ಪುಣ್ಯಾತ್ಗಿತ್ತಿ, ಡಬ್ಬ ಎತ್ತಿ, ನೆಲಕ್ಕೆ ಸಗಣಿ ಸಾರಿಸಿ, ಮತ್ತೆ ಒಪ್ಪವಾಗಿ ಬೋರಲು ಹಾಕಿದ್ದಾಳೆ! ಉಸಿರು ಬಿಟ್ಟದ್ದು ನೆಲವಲ್ಲ, ಸಗಣಿ.

"ಸಗಣಿ ಯಾಕಮ್ಮ ಹಾಕಿದೆ?" ಎಂದೆ.

"ದೊಡ್ಡೋರು ನೆಲ ನೋಡಾಕೆ ಬತ್ತಾರೆ ಅಂದ್ರಲ್ಲ ಸ್ವಾಮಿ. ಸಾರಿಸ್ದೆ ಅಂಗೇ ತೋರ್ಸಕಾದದಾ? ನಮ್ಗೂ ಮಾನ ಇಲ್ವಾ? ಒಂದ್ ಡಬ್ಬದ ತಾವು ಸಗಣಿ ಸಾಲ್ನಿಲ್ಲ. ಬೆಳಿಗ್ಗೆ ಎದ್ದೇಟ್ಗೆ ಅದ್ನೂ ಸಾರ್ಸಿ ರಂಗೋಲೆ ಬುಡ್ತೀನಿ."

ಬೈಯುವುದಾದರೂ ಹೇಗೆ? ಈ ಉರಿಬಿಸಿಲಲ್ಲಿ ನನ್ನ ಅತಿಥಿಗಾಗಿ ಸೊಂಟ ಬಗ್ಗಿಸಿದ್ದಾಳೆ. ಬೇಡ ಎಂದೆ. ಸಂಕೋಚಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು.

ಆ ಒಂದು ಡಬ್ಬದ ನೆಲವಾದರೂ ಉಳಿಯದಿದ್ದರೆ ಪ್ರೊಫೆಸರಿಗೆ ಏನು ತೋರಿಸಲಿ? ಅವಳೋ ಕೋಳಿಗಿಂತ ಮೊದಲು ಏಳುವವಳು. ಅದಕ್ಕೇ ಡಬ್ಬದ ಪಕ್ಕದಲ್ಲೇ ಚಾಪೆ ಹಾಸಿ, ಲಾಟೀನಿನ ಬೆಳಕಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ. ಮಲಗುವ ಹಾಗಿಲ್ಲ. ನಿದ್ದೆ ಹತ್ತಿದರೆ ನನ್ನನ್ನೂ ಸೇರಿಸಿ ಸಾರಿಸಿ, ಸುತ್ತ ರಂಗೋಲಿ